ಟ್ಯೂಬ್ ಹಾಕಿದರು, ಹೊಟ್ಟೆ ಇಳಿಯಿತು, ಮನೆಗೆ ಬಂದೆವು. ಅದೇ ತಪ್ಪಾಯಿತು

ನಮ್ಮ ದೊಡ್ಡಪ್ಪನಿಗೆ 71. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು, ಈಗಲೂ ಕೊಯ್ಲು ಬಂದರೆ ಮನೆಯಲ್ಲಿ ಕೂರುವವರಲ್ಲ. ಮಲಬದ್ಧತೆ ಅವರಿಗೆ ಹಳೇ ನೆಂಟ. ಹೋದ ಡಿಸೆಂಬರಿನಲ್ಲಿ 2 ದಿನ ಮೋಷನ್ ಇಲ್ಲ, ಗ್ಯಾಸೂ ಹೋಗಲಿಲ್ಲ, ಹೊಟ್ಟೆ ತಮಟೆ ಥರ ಬಿಗಿದುಕೊಂಡಿತ್ತು. ನಾವೇನು ಮಾಡಿದೆವು? ಸೋಡಾ, ಜೀರಿಗೆ ಕಷಾಯ, ಇಂಗು. ಎಲ್ಲರ ಮನೆಯಲ್ಲೂ ನಡೆಯೋದೇ ಇದು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಸರ್ಜನ್, 'ನೋಡಿ ಯಜಮಾನ್ರೇ, ಇದಕ್ಕೆ ನಾವು ಕಾಫಿ ಬೀಜ ಅಂತಲೇ ಹೇಳೋದು' ಅಂದರು. ನಿಜಕ್ಕೂ ಹಾಗೇ ಇತ್ತು. ಹೊಟ್ಟೆ ತುಂಬ ಒಂದೇ ಒಂದು ದೊಡ್ಡ ಬೀಜ, ನಡುವೆ ಗೀರು. ಆ ನೋವಿನಲ್ಲೂ ದೊಡ್ಡಪ್ಪ, 'ಅರೇಬಿಕಾನೋ ರೋಬಸ್ಟಾನೋ?' ಅಂತ ಕೇಳಿದರು.

ಕಾಯಿಲೆ ಹೆಸರು ಸಿಗ್ಮಾಯ್ಡ್ ವಾಲ್ವುಲಸ್. ದೊಡ್ಡ ಕರುಳಿನ ಕೊನೇ ತಿರುವು ಕೆಲವರಲ್ಲಿ ತುಂಬಾ ಉದ್ದ ಇರುತ್ತದೆ, ಅದರ ಬುಡ ಮಾತ್ರ ಕಿರಿದು. ಉಯ್ಯಾಲೆಯ ಎರಡೂ ಹಗ್ಗ ಹತ್ತಿರ ಹತ್ತಿರ ಕಟ್ಟಿದರೆ ಸುತ್ತಿಕೊಳ್ಳುತ್ತದಲ್ಲ, ಹಾಗೆ ಕರುಳೂ ಸುತ್ತಿಕೊಳ್ಳುತ್ತದೆ. ಎರಡೂ ಬಾಯಿ ಮುಚ್ಚಿ ಒಳಗೆ ಗಾಳಿ ತುಂಬುತ್ತದೆ. ಹಾಗೇ ಬಿಟ್ಟರೆ ರಕ್ತ ಓಡಾಟವೂ ನಿಂತು ಕರುಳು ಕಪ್ಪಾಗುತ್ತದೆ.

ಅವತ್ತು ಕರುಳು ಕಪ್ಪಾಗಿರಲಿಲ್ಲ. ಗುದದ್ವಾರದಿಂದ ಸ್ಕೋಪ್, ಅಂದರೆ ಒಳಗೆ ನೋಡುವ ಕೊಳವೆ, ಹಾಕಿ ತಿರುಚು ಬಿಡಿಸಿ ಟ್ಯೂಬ್ ಇಟ್ಟರು. ಗಾಳಿ ಹೋದ ಸದ್ದು ಬಾಗಿಲಾಚೆ ನಿಂತಿದ್ದ ದೊಡ್ಡಮ್ಮನಿಗೂ ಕೇಳಿಸಿತು. ಸಾಯಂಕಾಲಕ್ಕೆ ಹೊಟ್ಟೆ ಚಪ್ಪಟೆ, ಮನುಷ್ಯ ಕಾಫಿ ಕೇಳುತ್ತಿದ್ದರು!

ನಾವು ಎಡವಿದ್ದು ಇಲ್ಲೇ. 'ಇದು ಬರೀ ಬಿಡಿಸಿದ್ದು ಅಷ್ಟೆ, ಆ ಉದ್ದದ ಕರುಳು ಒಳಗೇ ಇದೆ, ಮತ್ತೆ ಸುತ್ತಿಕೊಳ್ಳುತ್ತೆ, 2-3 ದಿನ ಬಿಟ್ಟು ಇಲ್ಲೇ ಆಪರೇಶನ್ ಮಾಡಿಸಿಕೊಂಡು ಹೋಗಿ' ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. ಬರೀ ಟ್ಯೂಬ್ ಹಾಕಿಸಿಕೊಂಡು ಹೋದವರಲ್ಲಿ ಅರ್ಧದಷ್ಟು ಜನ, ಇನ್ನೂ ಜಾಸ್ತಿಯೇ ಅನ್ನಿ, ವಾಪಸ್ ಬರುತ್ತಾರಂತೆ. ದೊಡ್ಡಪ್ಪ ಮಾತ್ರ 'ಕೊಯ್ಲು ಮುಗೀಲಿ' ಅಂದರು. ನಾವೂ, ನೋವೇ ಇಲ್ಲ, ಈ ವಯಸ್ಸಲ್ಲಿ ಹೊಟ್ಟೆ ಯಾಕೆ ಕೊಯ್ಯಿಸೋದು ಅಂದುಕೊಂಡೆವು. ಸಹಿ ಹಾಕಿ ಕರೆದುಕೊಂಡು ಬಂದವನು ನಾನೇ.

ಮೇ ತಿಂಗಳಲ್ಲಿ ಮತ್ತೆ ಹೊಟ್ಟೆ ಉಬ್ಬಿತು. ಈ ಸಲ ಜ್ವರ, ಮುಟ್ಟಿದರೆ ಚೀರುವಷ್ಟು ನೋವು. ಕರುಳು ಕಪ್ಪಾಗಿದ್ದರೆ ಟ್ಯೂಬಿನ ಆಟ ನಡೆಯಲ್ಲ, ಸೀದಾ ಥಿಯೇಟರಿಗೆ. ಕೊಳೆತ ಭಾಗ ತೆಗೆದು, ಮೇಲಿನ ತುದಿಯನ್ನು ಹೊಟ್ಟೆಯ ಎಡಗಡೆಗೆ ಹೊರಗೆ ತಂದು, ಮಲ ಬೀಳೋಕೆ ಚೀಲ ಕಟ್ಟಿದರು. ಡಿಸ್ಚಾರ್ಜ್ ಚೀಟಿಯಲ್ಲಿ 'ಹಾರ್ಟ್‌ಮನ್ಸ್' ಅಂತಿತ್ತು. ಯಾವುದೋ ಹಾರ್ಟಿನ ಕಾಯಿಲೆ ಅಂತ ದೊಡ್ಡಮ್ಮ ಗಾಬರಿಯಾದರು. ಅದು 1921ರಲ್ಲಿ ಹೆನ್ರಿ ಹಾರ್ಟ್‌ಮನ್ ಅನ್ನೋ ಫ್ರೆಂಚ್ ಸರ್ಜನ್ ಕ್ಯಾನ್ಸರಿಗೆ ಅಂತ ಹೇಳಿದ ಆಪರೇಶನ್. ಕರುಳು ಕೊಳೆತು, ರೋಗಿ ತೀರಾ ಸುಸ್ತಾಗಿದ್ದಾಗ ತಕ್ಷಣ ಜೋಡಿಸಿದರೆ ಹೊಲಿಗೆ ಬಿಡುವ ಭಯ, ಅದಕ್ಕೇ ಈ ದಾರಿ. ಡಿಸೆಂಬರಿನಲ್ಲೇ ಮಾಡಿಸಿದ್ದರೆ ಉದ್ದದ ಭಾಗ ಕತ್ತರಿಸಿ ಅಲ್ಲೇ ಜೋಡಿಸುತ್ತಿದ್ದರು, ಬಹುಶಃ ಚೀಲದ ಮಾತೇ ಬರುತ್ತಿರಲಿಲ್ಲ.

ಚೀಲದ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಮೊದಲ ವಾರ ದೊಡ್ಡಪ್ಪ ಅದನ್ನು ನೋಡಲೇ ಇಲ್ಲ, ಗೋಡೆ ಕಡೆ ಮುಖ ಮಾಡಿರುತ್ತಿದ್ದರು. ದೊಡ್ಡಮ್ಮ ಅಂಟು ಬಿಡಿಸಿ, ಬೆಚ್ಚಗಿನ ನೀರಲ್ಲಿ ಒರೆಸಿ, ಹೊಸದು ಅಂಟಿಸೋದು ಕಲಿತರು. ತಂಗಿ ಮಗಳ ಮದುವೆಗೆ ದೊಡ್ಡಪ್ಪ ಹೋಗಲಿಲ್ಲ. ವಾಸನೆ ಬಂದರೆ ಅನ್ನೋ ಹೆದರಿಕೆ, ಪಾಪ.

ಕರುಳು ತಿರುಚಿದ್ದೆಲ್ಲ ಒಂದೇ ಅಲ್ಲ. ಬಲಗಡೆ ಸೀಕಮ್, ಅಂದರೆ ದೊಡ್ಡ ಕರುಳಿನ ಮೊದಲ ಭಾಗ, ತಿರುಚಿದರೆ ಸ್ಕೋಪ್ ಸಾಮಾನ್ಯವಾಗಿ ಉಪಯೋಗಕ್ಕೆ ಬರಲ್ಲ, ಆಪರೇಶನ್ನೇ ಮಾಡಬೇಕಾಗುತ್ತದೆ. ಆದರೆ ನಿಮ್ಮ ಮನೆಯ ಹಿರಿಯರಿಗೆ ಟ್ಯೂಬ್ ಹಾಕಿ ಆರಾಮಾಗಿದ್ದಾರೆ, ಡಾಕ್ಟರ್ ಆಪರೇಶನ್ ಅಂತಿದ್ದಾರೆ ಅಂದರೆ, ದುಡ್ಡು ಹೊಡೆಯೋಕೆ ಅಂತ ಅನುಮಾನ ಪಡಬೇಡಿ. ಬೇಕಾದರೆ ಇನ್ನೊಬ್ಬ ಸರ್ಜನ್ನನ್ನು ಕೇಳಿ, ಮನೆಗೆ ಮಾತ್ರ ಓಡಬೇಡಿ.

ಈಗ ಕರುಳು ವಾಪಸ್ ಜೋಡಿಸಬಹುದು ಅಂತ ಹೇಳಿದ್ದಾರೆ. ಇದಕ್ಕೆ ಆಗಿನಷ್ಟು ಅವಸರ ಇಲ್ಲ ನಿಜ. ನಿನ್ನೆ ಫೋನ್ ಮಾಡಿ ಯಾವಾಗ ಅಂತ ಕೇಳಿದೆ. ದೊಡ್ಡಪ್ಪ, 'ಈ ಕೊಯ್ಲೊಂದು ಮುಗೀಲಿ ಕಣೋ' ಅಂದರು. ಅಷ್ಟರಲ್ಲಿ ದೊಡ್ಡಮ್ಮ ಫೋನ್ ಕಿತ್ತುಕೊಂಡು, 'ಸೋಮವಾರ ಕಾರ್ ತಗೊಂಡು ಬಾ' ಅಂದರು.