ಎಲ್ಲಿ, ಬಟ್ಟು ಕೊಡು

ಲೇಹ್‌ನಿಂದ ಬಂದು ಎಂಟು ದಿನ ಆಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ, "ಏನೇನು ನೋಡಿದ್ರಿ?" ಮುಚ್ಚುಮರೆ ಯಾಕೆ? ಹೋಟೆಲ್ ರೂಮಿನ ಛತ್ತು ನೋಡಿದೆ. ಪಾಪ್ಲರ್ ಮರದ ತೊಲೆಗಳು ಒಂಬತ್ತು, ಅವುಗಳ ಮೇಲೆ ಒತ್ತೊತ್ತಾಗಿ ಜೋಡಿಸಿದ ವಿಲ್ಲೋ ಕಡ್ಡಿಗಳು. ಎರಡನೇ ತೊಲೆಗೂ ಮೂರನೆಯದಕ್ಕೂ ನಡುವೆ 117 ಕಡ್ಡಿ ಇವೆ. ಅನುಮಾನ ಇದ್ದವರು ಹೋಗಿ ಎಣಿಸಿ ಬರಬಹುದು.

ತಪ್ಪು ನನ್ನದೇ, ಒಪ್ಪಿದೆ. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತಲ್ವಾ? 43 ಡಿಗ್ರಿ. ನಲ್ಲಿ ನೀರಿಗೆ ಚಹಾಪುಡಿ ಉದುರಿಸಿದರೆ ಸಾಕು, ಚಹಾ. ಅಂಥ ಒಂದು ಮಧ್ಯಾಹ್ನ ಕರೆಂಟು ಹೋದಾಗ ನಮ್ಮ ಸೋದರಮಾವ "ಲೇಹ್‌ಗೆ ಹೋಗಾಮೇನು?" ಅಂದರು. ಬೇಡ ಅನ್ನಲು ಯಾರಿಗೆ ಧೈರ್ಯ ಬರುತ್ತದೆ?

ಹೊರಡುವ ಹಿಂದಿನ ದಿನದಿಂದಲೇ, ಎತ್ತರದ ಊರಿಗೆ ಮೈ ಒಗ್ಗಿಸುವ ಅಸೆಟಜೋಲಮೈಡ್ ಗುಳಿಗೆ ಶುರು ಮಾಡಿ ಅಂತ ಡಾಕ್ಟರು ಹೇಳಿದ್ದರು. ನಾನೋ ದಿನಾ ಬೆಳಿಗ್ಗೆ ಅಪ್ಪನ ಕೆರೆ ಹತ್ತಿರ ಬೆವರು ಇಳಿಯುವವರೆಗೂ ನಡೆಯುವವನು. ನನಗ್ಯಾಕೆ ಗುಳಿಗೆ? ಪಟ್ಟಿ ಬ್ಯಾಗಿನ ತಳ ಸೇರಿತು. ಶರಣಬಸಪ್ಪನ ಗುಡಿಗೂ ಆಟೋದಲ್ಲೇ ಹೋಗುವ ನಮ್ಮ ಅತ್ತಿ ಮಾತ್ರ ಹೊತ್ತು ಹೊತ್ತಿಗೆ ನುಂಗಿದರು.

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ. ಲೇಹ್ 3,500. ದಿಲ್ಲಿಯಲ್ಲಿ ವಿಮಾನ ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಅಲ್ಲಿ ಇಳಿಸಿಬಿಡುತ್ತಾರೆ. ಅಲ್ಲಿನ ಗಾಳಿಯಲ್ಲೂ ಆಕ್ಸಿಜನ್ ನಮ್ಮಷ್ಟೇ, 21 ಪರ್ಸೆಂಟ್. ಆದರೆ ಗಾಳಿಯೇ ತೆಳು. ಸಂತೆಯಲ್ಲಿ ಕೆಲವರು ರೇಟು ಸರಿಯಾಗಿ ಹೇಳಿ ತೂಕದಲ್ಲಿ ಹೊಡೆಯುತ್ತಾರಲ್ಲ, ಹಾಗೆ. ಉಸಿರು ಪೂರ್ತಿ ಎಳೆದುಕೊಂಡರೂ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೈಗೆ ಬರುವುದಿಲ್ಲ.

ಇದು ನಮಗಿಂತ ಮೊದಲು ಗೊತ್ತಾದದ್ದು ಶೇಂಗಾ ಹಿಂಡಿಗೆ. ಊರಲ್ಲಿ ಸೀಲ್ ಮಾಡಿಸಿ ತಂದ ಪಾಕೀಟು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಕೂತಿತ್ತು. ಮಾಮಾ ಅದಕ್ಕೆ ಪಿನ್ನು ಚುಚ್ಚಿದರು. ಅವರ ಬಿಳಿ ಅಂಗಿ ಕೆಂಪಾಯಿತು, ರೂಮು ಎರಡು ದಿನ ಬೆಳ್ಳುಳ್ಳಿ ನಾರಿತು.

ಮಾಮಾನಿಗೆ ಒಂದು ಚಟ ಇದೆ. ಬೀಡಿ ಅಲ್ಲ, ಎಲೆ ಅಡಿಕೆ ಅಲ್ಲ. ಆಕ್ಸಿಮೀಟರ್, ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ತೋರಿಸುವ ಕ್ಲಿಪ್ಪು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ರಿಟೈರ್ ಆದವರು, ಅಂಕಿ ಕಾಣದಿದ್ದರೆ ಊಟ ಸೇರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು "ಎಲ್ಲಿ, ಬಟ್ಟು ಕೊಡು" ಅನ್ನುತ್ತಾರೆ. ಬೆರಳಿಗೆ ಕ್ಲಿಪ್ಪು ಹಾಕಿ, ಕನ್ನಡಕ ಹಣೆಗೇರಿಸಿ, ಬಂದ ನಂಬರನ್ನು ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆದುಕೊಂಡು ಸುಮ್ನೆ ಹೋಗುತ್ತಾರಾ? ಇಲ್ಲ. ಓದಿ ಹೇಳುತ್ತಾರೆ.

"ನಿಮ್ಮ ಅತ್ತೀದು 91. ನಂದು 89. ನಿಂದು 82."

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೆಲ್ಲ ನಮ್ಮ ಜಿಲ್ಲೆ ತಲೆ ತಗ್ಗಿಸುತ್ತದೆ. 2025ರಲ್ಲಂತೂ ರಾಜ್ಯಕ್ಕೇ ಕೊನೆ. ಆ ಮರ್ಯಾದೆಯನ್ನು ಲಡಾಖ್‌ವರೆಗೂ ಹೊತ್ತು ತಂದವನು ನಾನು ಎಂಬಂತೆ ನೋಡಿದರು. ತಲೆ ಒಳಗಿಂದ ಯಾರೋ ಒನಕೆ ತಗೊಂಡು ಕುಟ್ಟುತ್ತಿದ್ದಾರೆ, ಹೊಟ್ಟೆ ತೊಳಸುತ್ತಿದೆ, ಅದರ ಮೇಲೆ ಮಾರ್ಕ್ಸ್ ಕಾರ್ಡು. ಕೈ ತಣ್ಣಗಿದ್ದರೆ ನಂಬರ್ ಕಡಿಮೆ ತೋರಿಸುತ್ತದೆ ಅಂತ ನನ್ನ ಬೆರಳಿಗೆ ಚಹಾದ ಗ್ಲಾಸು ಒತ್ತಿ ಹಿಡಿದರು. 84 ಬಂತು. ಗ್ರೇಸ್ ಮಾರ್ಕ್ಸ್! ನಮ್ಮಾಕೆಯ ಉಗುರು ಬಣ್ಣ ಅಡ್ಡ ಬರುತ್ತದೆ ಅಂತ ಅದನ್ನೂ ಕೆರೆಸಿದರು. ಆಕೆ ಇವತ್ತಿಗೂ ಆ ಮಾತು ಬಿಟ್ಟಿಲ್ಲ.

ಹೋಟೆಲ್ ಮಾಲೀಕ ಲಡಾಖಿನ ಹಿರಿಯ, ಮಾತು ಕಡಿಮೆ. ನಂಬರ್ ನೋಡಬೇಡಿ, ಆಳನ್ನು ನೋಡಿ ಅಂದ. ನೀರು ಕುಡಿಸಿ, ಎರಡು ದಿನ ಮಲಗಲಿ, ಮೇಲಕ್ಕೆ ಹೋಗುವ ಮಾತೇ ಬೇಡ. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ, ಅಲ್ಲಿಂದ ಕೆಳಗಿನ ಊರಿಗೆ.

ತೂರಾಡಿದರೆ. ಈ ಮಾತನ್ನು ಆತ ಮಾಮಾನ ಎದುರಿಗೆ ಹೇಳಬಾರದಿತ್ತು.

ಹೆಂಗಸರಿಗೆ ಪಕ್ಕದ ರೂಮು, ನಾನೂ ಮಾಮಾನೂ ಒಂದು ರೂಮು. ಅಷ್ಟು ಎತ್ತರದಲ್ಲಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಜೋರಾಗಿ ಶುರುವಾಗುತ್ತದೆ. ಸುಮಾರು ಜನರಿಗೆ ಆಗುವಂಥದ್ದೇ. ಮಾಮಾ ಕತ್ತಲಲ್ಲಿ ಕೂತು ನನ್ನ ಉಸಿರು ಎಣಿಸುತ್ತಿದ್ದರು. ರಾತ್ರಿ ಎರಡಕ್ಕೆ ನನ್ನನ್ನು ಹಿಡಿದು ಅಲುಗಾಡಿಸಿದರು.

"ಏ ತಮ್ಮಾ, ಉಸರು ನಿಂತಿತ್ತಲ್ಲೋ ನಿಂದು! ಏಳು. ಈ ಜಮಖಾನಿ ಅಂಚಿನ ಮ್ಯಾಲೆ ನಡದು ತೋರ್ಸು. ಹಿಮ್ಮಡಕ್ಕ ಬಟ್ಟು ಹಚ್ಚಿ, ಸೀದಾ."

ದೃಶ್ಯ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ತಲೆಗೆ ಮಂಕಿ ಟೋಪಿ, ಮೇಲೆ ಎರಡು ಸ್ವೆಟರ್, ಕೆಳಗೆ ಲುಂಗಿ. ಅಷ್ಟರಲ್ಲಿ ಬುದ್ಧಿ ಬಂದು ಗುಳಿಗೆ ಶುರು ಮಾಡಿದ್ದೆ, ಬೆರಳೆಲ್ಲ ಜುಮುಜುಮು. ಗಂಟೆಗೊಮ್ಮೆ ಬಚ್ಚಲಿಗೆ ಓಡಿಸುವುದೂ ಅದರದೇ ಗುಣ. ಹೀಗಿರುವ ನಾನು ನಡುರಾತ್ರಿ ಹಿಮ್ಮಡಿಗೆ ಬೆರಳು ತಾಗಿಸುತ್ತ ಸರ್ಕಸ್ಸಿನವನಂತೆ ನಡೆಯುತ್ತಿದ್ದೇನೆ. ಮಾಮಾ ಹಿಂದೆ ಟಾರ್ಚ್ ಹಿಡಿದು ಬರುತ್ತಿದ್ದಾರೆ. ಐದನೇ ಹೆಜ್ಜೆಗೆ ಲುಂಗಿ ಕಾಲಿಗೆ ಸಿಕ್ಕಿತು. ಸೀದಾ ಹೋಗಿ ಕುರ್ಚಿಯ ಮೇಲೆ ಬಿದ್ದೆ.

"ತೂರ್ಯಾಡ್ಲಕತ್ತಾನ್ರೀ! ತೂರ್ಯಾಡ್ಲಕತ್ತಾನ!"

ಆ ಚೀರಾಟಕ್ಕೆ ಇಡೀ ಹೋಟೆಲ್ ಎದ್ದಿತು. ಮಾಲೀಕ ಆಕ್ಸಿಜನ್ ಸಿಲಿಂಡರ್ ತಗೊಂಡೇ ಓಡಿ ಬಂದ. ನನ್ನನ್ನು ನೋಡಿದ, ಬಿಚ್ಚಿ ಬಿದ್ದ ಲುಂಗಿ ನೋಡಿದ. ಮಾಮಾನ ಕಿವಿಯಲ್ಲಿ ಮೆಲ್ಲಗೆ ಕೇಳಿದ: "ಪೀಯಾ ಹೈ ಕ್ಯಾ?"

ಜೀವನದಲ್ಲಿ ಹೆಂಡ ಮುಟ್ಟಿದವನಲ್ಲ ನಾನು. ಲುಂಗಿ ಕಟ್ಟಿಕೊಂಡು ಇನ್ನೊಮ್ಮೆ ಸೀದಾ ನಡೆದು ತೋರಿಸಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಮರಾಠಿ ಸಂಸಾರ ಚಪ್ಪಾಳೆ ತಟ್ಟಿತು.

ಎಲ್ಲರೂ ಹೋದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮಾಮಾ ಡೈರಿಯನ್ನು ತೆರೆದಿಟ್ಟೇ ಮಲಗಿದ್ದರು. ಇವರ ಅಂಕಿ ನೋಡಿ ಇನ್ನಷ್ಟು ಸಿಟ್ಟು ಮಾಡಿಕೊಳ್ಳೋಣ ಅಂತ ಎತ್ತಿಕೊಂಡೆ. ಹಿಂದಿನ ಪುಟಗಳು 2021ರ ಮೇ ತಿಂಗಳವು. ಅತ್ತಿಯ ಹೆಸರು, ಗಂಟೆಗೊಂದು ನಂಬರ್. 93. 91. 88. ರಾತ್ರಿ ಒಂದು, ಎರಡು, ಮೂರು, ಒಂದು ಗಂಟೆಯೂ ಬಿಟ್ಟಿಲ್ಲ. ಒಂದು ಕಡೆ 85 ಬರೆದಲ್ಲಿ ಪೆನ್ನಿನ ಮೊನೆಗೆ ಕಾಗದ ಹರಿದಿದೆ. ಆರು ಪುಟ ಆದ ಮೇಲೆ 96, ಕೆಳಗೆ ಎರಡು ಗೀಟು. ಆಮೇಲೆ ಖಾಲಿ.

ಗೋಡೆಯಾಚೆ ಅತ್ತಿ ಗೊರಕೆ ಹೊಡೆಯುತ್ತಿದ್ದರು. ಡೈರಿ ಇದ್ದಲ್ಲೇ ಇಟ್ಟೆ.

ಮೂರನೇ ದಿನ ತಲೆನೋವು ಇಳಿಯಿತು, ನಾಲ್ಕನೇ ದಿನ ವಾಪಸ್ ವಿಮಾನ. ಪ್ಯಾಂಗಾಂಗ್ ಸರೋವರ ಇನ್ನೂ ಎತ್ತರದಲ್ಲಿದೆ, ಮಾಲೀಕ ಬಿಡಲಿಲ್ಲ. ಅತ್ತಿ, ನಮ್ಮಾಕೆ ಇಬ್ಬರೂ ಪೇಟೆ ಸುತ್ತಿ ಎರಡು ಕಿಲೋ ಖುಬಾನಿ ತಂದರು. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. "ನಮ್ಮ ತೊಗರಿಬ್ಯಾಳಿ ಒಂದು ಕಿಲೋ ತರಬೇಕಿತ್ತು" ಅನ್ನುವುದೊಂದೇ ಅತ್ತಿಯ ಕೊರಗು.

ನಿನ್ನೆ ಮಾಮಾ ಮನೆಗೆ ಬಂದಿದ್ದರು. ಕರೆಂಟು ಇರಲಿಲ್ಲ. ಬನಿಯನ್ ಒದ್ದೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಬಂದವರೇ ಕ್ಲಿಪ್ಪು ಹಾಕಿದರು. 98.

"ನೋಡು, ನಮ್ಮೂರ ಗಾಳಿ" ಅಂದರು. ಗಾಳಿ ಎಲ್ಲಿತ್ತೋ, ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಮುಂದಿನ ವರ್ಷ ಕೇದಾರನಾಥ. 3,583 ಮೀಟರ್. ಲೇಹ್‌ಗಿಂತ 83 ಮೀಟರ್ ಅಷ್ಟ ಜಾಸ್ತಿ. ಈಗಿಂದ ದಿನಾ ಬರಕೊಂಡು ಇಡಾಮು. ಎಲ್ಲಿ, ಇನ್ನೊಮ್ಮೆ ಬಟ್ಟು ಕೊಡು."

ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡೆ.

"ಇರ್ಲಿ ಬಿಡು" ಅಂದು ಮಾಮಾ ಕೆಳಗೆ ಬಗ್ಗಿದರು. "ಕಾಲಿನ ಬಟ್ಟಿಗೂ ಬರ್ತದ."