ಓಟದ ಕಿವಿರು ಎತ್ತಿ ನೋಡಿದ್ದೀರಾ?

ಕಾರವಾರದ ಮೀನು ಮಾರುಕಟ್ಟೆಯಲ್ಲಿ ನನ್ನ ಹೆಂಡತಿ ಬಂಗಡೆ ಕೊಳ್ಳುವುದನ್ನು ನೀವೊಮ್ಮೆ ನೋಡಬೇಕು. ಮೊದಲು ಕಿವಿರು ಎತ್ತಿ ಒಳಗೆ ಕೆಂಪಿದೆಯೇ ಎಂದು ಪರೀಕ್ಷಿಸುತ್ತಾಳೆ. ಆಮೇಲೆ ಕಣ್ಣು. ಆಮೇಲೆ ಹೊಟ್ಟೆಗೆ ಬೆರಳು ಒತ್ತಿ, ಬಿದ್ದ ಕುಳಿ ತಾನಾಗಿ ಮೇಲೇಳುವವರೆಗೆ ಕಾಯುತ್ತಾಳೆ. ಇಷ್ಟಾದ ಮೇಲೂ ಮಾರುವ ಅಕ್ಕನ ಮುಖ ನೋಡಿ, "ನಿನ್ನೆಯದಲ್ಲ ತಾನೇ?" ಎಂದು ಕೇಳುತ್ತಾಳೆ. ಇದೆಲ್ಲ ನೂರು ರೂಪಾಯಿಯ ವ್ಯವಹಾರಕ್ಕೆ. ಅದೇ ಹೊತ್ತಿನಲ್ಲಿ ಅವಳ ಹಿಂದೆ ಚೀಲ ಹಿಡಿದು ನಿಂತಿದ್ದ ನಾನು, ಹೆಸರೇ ಕೇಳಿರದ ಸಂಘಟಕರ ಅರ್ಧ ಮ್ಯಾರಥಾನಿಗೆ ಮೊಬೈಲಿನಲ್ಲಿ ಒಂದು ಸಾವಿರದ ಇನ್ನೂರು ರೂಪಾಯಿ ಕಟ್ಟಿ ಮುಗಿಸಿದ್ದೆ. ಮೇಲೆ ಸೇವಾ ಶುಲ್ಕ. ಅದರ ಮೇಲೆ ತೆರಿಗೆ.

ಜಾಹೀರಾತು ಹಾಗಿತ್ತು. ಬೆವರು ಹೀರುವ ಅಂಗಿ, ಅಂಗೈ ಅಗಲದ ಪದಕ, ಓಟಕ್ಕೆ ಮೊದಲು ಹಾಡಿಗೆ ಕುಣಿಯುವ ಜುಂಬಾ ವ್ಯಾಯಾಮ, ಮುಗಿದ ಮೇಲೆ ಬಿಸಿ ಬಿಸಿ ಉಪಾಹಾರ, ತಲೆಯ ಮೇಲೆ ಡ್ರೋನ್. ಪದಕದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಮುದ್ರಿಸಿದ್ದರು. ಓಟದ ದೂರವನ್ನು ಮಾತ್ರ '21 ಕಿ.ಮೀ. (ಅಂದಾಜು)' ಎಂದು ಬರೆದಿದ್ದರು. ಆ ಕಂಸದೊಳಗಿನ ಪದವನ್ನು ನಾನು ಓದಲಿಲ್ಲ. ಅಂಗಿಯ ಬಣ್ಣ ಚೆನ್ನಾಗಿತ್ತು.

ತಪ್ಪು ಅವರೊಬ್ಬರದೇ ಅಲ್ಲ ಬಿಡಿ. ನಮ್ಮ ಕಡೆ ಮ್ಯಾರಥಾನ್ ಎಂಬ ಶಬ್ದಕ್ಕೆ ದೂರದ ಹಂಗು ತಪ್ಪಿ ಬಹಳ ಕಾಲವಾಯಿತು. ಶಾಲೆಯ ಮಕ್ಕಳು ಬಸ್ ನಿಲ್ದಾಣದಿಂದ ಟ್ಯಾಗೋರ್ ಕಡಲತೀರದವರೆಗೆ ಬ್ಯಾನರ್ ಹಿಡಿದು ನಡೆದರೂ ಮರುದಿನ ಅದು 'ಜಾಗೃತಿ ಮ್ಯಾರಥಾನ್'. ಮತದಾನಕ್ಕೊಂದು, ರಕ್ತದಾನಕ್ಕೊಂದು, ಪ್ಲಾಸ್ಟಿಕ್ ವಿರುದ್ಧ ಮತ್ತೊಂದು. ಈ ಕೊನೆಯದು ಮುಗಿದ ಮೇಲೆ ಮರಳಿನಲ್ಲಿ ಬಿದ್ದ ನೀರಿನ ಬಾಟಲಿ ಆರಿಸಲು ಇನ್ನೊಂದು ಜಾಗೃತಿ ಕಾರ್ಯಕ್ರಮ ಬೇಕಾಗುತ್ತದೆ. ಮ್ಯಾರಥಾನ್ ಎಂದರೆ 42.195 ಕಿ.ಮೀ., ಅದಕ್ಕಿಂತ ಒಂದು ಗೇಣೂ ಕಡಿಮೆ ಇರಬಾರದು ಎಂದು ಇಲ್ಲಿ ಯಾರಿಗಾದರೂ ಹೇಳಿ ನೋಡಿ. 'ಇವನೊಬ್ಬ ಅಧಿಕಪ್ರಸಂಗಿ' ಎಂಬ ನೋಟ ಸಿಗುತ್ತದೆ.

ಆ ವಿಚಿತ್ರ ಅಂಕಿಯ ಹಿಂದೆಯೂ ದೊಡ್ಡವರ ಕುರ್ಚಿಯೇ ಇದೆ ಎನ್ನುವುದು ಬೇರೆ ಮಾತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನಗಳ ಎದುರು ಮುಗಿಯಿತು. ದೂರ 26 ಮೈಲಿ 385 ಗಜ. 1921ರಲ್ಲಿ ಅದನ್ನೇ ಪ್ರಮಾಣವೆಂದು ಒಪ್ಪಿಕೊಂಡರು. ಅವರು ಒಮ್ಮೆ ಕುರ್ಚಿ ನೋಡಿ ದೂರ ನಿಗದಿ ಮಾಡಿದರು, ಆಮೇಲೆ ಕುರ್ಚಿ ಎಲ್ಲಿಗೆ ಹೋದರೂ ದೂರ ಅಲುಗಲಿಲ್ಲ. ನಮ್ಮಲ್ಲಿ ಪ್ರತಿ ವರ್ಷವೂ ಮೊದಲು ಕುರ್ಚಿ ಹಾಕುತ್ತಾರೆ.

ನಾನು ದುಡ್ಡು ಕಟ್ಟಿದ ಓಟ ನಮ್ಮದೇ ಕರಾವಳಿಯ ಒಂದು ಊರಿನಲ್ಲಿತ್ತು. ಆರಂಭ ಬೆಳಗಿನ ಐದೂವರೆಗೆ ಎಂದಿದ್ದರು. ಐದೂವರೆಗೆ ಸರಿಯಾಗಿ ಆರಂಭವಾದದ್ದು ಜುಂಬಾ. ಆರಕ್ಕೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಮುಖ್ಯ ಅತಿಥಿಗಳು ಬಂದಾಗ ಏಳು ಗಂಟೆ ಹತ್ತು ನಿಮಿಷ. ಅವರ ಕಾರು ವೇದಿಕೆಯ ಬುಡದವರೆಗೆ ಬರಬೇಕಲ್ಲ? ಎದೆಗೆ ಚುಚ್ಚಿಕೊಂಡ ಸಂಖ್ಯೆಯ ಹಿಂದೆ ಚಿಪ್ ಇರುತ್ತದೆ, ಅದನ್ನು ಗುರುತಿಸಿ ಸಮಯ ಬರೆದುಕೊಳ್ಳುವ ಚಾಪೆಯನ್ನು ಆರಂಭದ ಗೆರೆಯಲ್ಲಿ ಹಾಸಿರುತ್ತಾರೆ. ಕಾರಿಗೆ ದಾರಿಯಾಗಲೆಂದು ಆ ಚಾಪೆಯನ್ನು ಸುತ್ತಿ ಬದಿಗಿಟ್ಟರು. ಮತ್ತೆ ಹಾಸಲು ಮರೆತರು. ಅತಿಥಿಗಳು ಆರೋಗ್ಯಕ್ಕೆ ಓಟ ಎಷ್ಟು ಅಗತ್ಯ ಎಂದು ಇಪ್ಪತ್ತು ನಿಮಿಷ ವಿವರಿಸಿ, ಬಾವುಟ ಬೀಸಿ, ಕಾರು ಹತ್ತಿದರು.

ಅಷ್ಟರಲ್ಲಿ ಬಿಸಿಲು ಏರಿತ್ತು. ಘಟ್ಟದ ಮೇಲಿನವರಿಗೆ ನಮ್ಮ ಕರಾವಳಿಯ ಬೆವರು ಅರ್ಥವಾಗುವುದಿಲ್ಲ. ಇಲ್ಲಿ ಗಾಳಿಯೇ ಒದ್ದೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಅದು ಆರುವುದಿಲ್ಲ, ಸುರಿಯುತ್ತದೆ, ಮೈ ಒಳಗೊಳಗೇ ಕಾಯುತ್ತದೆ. ಐದೂವರೆಯ ಓಟವನ್ನು ಏಳೂವರೆಗೆ ಬಿಡುವುದೆಂದರೆ ಇನ್ನೊಂದೇ ಓಟವನ್ನು ಓಡಿಸಿದಂತೆ. ಎಂಟನೆಯ ಕಿಲೋಮೀಟರಿನಲ್ಲಿ ನೀರು ಇತ್ತು. ಹನ್ನೆರಡರಲ್ಲಿ ಮೇಜು ಇತ್ತು, ಮೇಜುಬಟ್ಟೆ ಇತ್ತು, ಪ್ರಾಯೋಜಕರ ಬ್ಯಾನರ್ ಇತ್ತು. ಪ್ರಾಚೀನ ಪರಂಪರೆಯೇ ಅನ್ನಿ: 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲೂ ದೂಳು, ಸೆಕೆ, ನೀರಿಗೆ ಬರ. ಹೊರಟವರು 32, ಮುಟ್ಟಿದವರು 14. ನಾವು ಅಷ್ಟು ಹಿಂದೆ ಬಿದ್ದಿಲ್ಲ. ನಮ್ಮಲ್ಲಿ ಹೊರಟವರಿಗಿಂತ ಮುಟ್ಟಿದವರೇ ಹೆಚ್ಚಿದ್ದರು. ಪದಕ ಖಾಲಿಯಾದೀತೆಂದು ಕೆಲವರು ಜುಂಬಾ ಮುಗಿದ ಕೂಡಲೇ ಸಾಲಿನಲ್ಲಿ ನಿಂತು ಕೊರಳಿಗೆ ಹಾಕಿಸಿಕೊಂಡಿದ್ದರು.

ನಾನು ಮುಗಿಸಿದ್ದು ಒಂದು ಗಂಟೆ ಐವತ್ತೆಂಟು ನಿಮಿಷಕ್ಕೆ. ಎರಡು ಗಂಟೆಯೊಳಗೆ, ಜೀವಮಾನದಲ್ಲಿ ಮೊದಲ ಬಾರಿಗೆ! ಕೈಗಡಿಯಾರ ನೋಡಿದರೆ ದೂರ 19.4 ಕಿ.ಮೀ. ಜಿಪಿಎಸ್ ಒಂದಿಷ್ಟು ಹೆಚ್ಚುಕಡಿಮೆ ತೋರಿಸುತ್ತದೆ, ಒಪ್ಪಿದೆ. ಆದರೆ ಒಂದೂ ಮುಕ್ಕಾಲು ಕಿಲೋಮೀಟರನ್ನು ಉಪಗ್ರಹ ನುಂಗುವುದಿಲ್ಲ. ವಾಪಸು ಬರುವಾಗ ಮರುತಿರುಗುವ ಜಾಗದಲ್ಲಿದ್ದ ಸ್ವಯಂಸೇವಕ ಹುಡುಗನನ್ನು ವಿಚಾರಿಸಿದೆ. ಪಾಪ, ಪ್ರಾಮಾಣಿಕ. "ಕೋನ್ ಇಟ್ಟ ಜಾಗದಲ್ಲಿ ಬಿಸಿಲು ಬಿತ್ತು ಸರ್. ಅದಕ್ಕೆ ಈಚೆಯ ಗೋಳಿಮರದ ನೆರಳಿಗೆ ತಂದು ಇಟ್ಟೆ" ಎಂದ. ಎರಡು ಸಾಲಿನ ರಸ್ತೆ, ಹೋಗುವಾಗ ಸುಮಾರು ಒಂಬೈನೂರು ಮೀಟರ್ ಉಳಿಯಿತು, ಬರುವಾಗ ಮತ್ತಷ್ಟೇ. ಆ ನೆರಳಿನಲ್ಲಿ ನಮ್ಮ ಐನೂರು ಜನರ ಜೀವಮಾನದ ದಾಖಲೆಗಳು ಹುಟ್ಟಿದವು.

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ನಾನು ದೂರು ಕೊಡಲಿಲ್ಲ. ಪದಕ ಕಚ್ಚಿಕೊಂಡ ಫೋಟೊವನ್ನು ನೆಂಟರಿಷ್ಟರ ಎಲ್ಲ ಗುಂಪುಗಳಿಗೂ ಹಾಕಿ, ಒಂದು ವಾರ ಅಭಿನಂದನೆ ಸ್ವೀಕರಿಸಿ, ಆಮೇಲೆ ನನಗೆ ಸಿಟ್ಟು ಬಂದದ್ದು. ಓಟ ಉದ್ದವಾದರೆ ಊರೆಲ್ಲ ಕೂಗುತ್ತಾರೆ. ಗಿಡ್ಡವಾದರೆ ಯಾರೂ ಬಾಯಿ ಬಿಡುವುದಿಲ್ಲ. ತೂಕದಲ್ಲಿ ಮೋಸವಾದರೂ ಚೀಲ ಹಗುರಾಯಿತೆಂದು ಹಿಗ್ಗುವ ಗಿರಾಕಿ ಸಿಕ್ಕರೆ ಯಾವ ವ್ಯಾಪಾರಿ ತಕ್ಕಡಿ ಸರಿ ಮಾಡಿಸುತ್ತಾನೆ?

ಹಾಗೆಂದು ಜಗತ್ತಿನಲ್ಲಿ ಸರಿಯಾದ ತಕ್ಕಡಿ ಇಲ್ಲವೆಂದಲ್ಲ, ಮತ್ತು ಅದು ರಾಕೆಟ್ ಕೂಡ ಅಲ್ಲ, ಸೈಕಲ್. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರ ಕಟ್ಟುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ತುಂಡಿನ ಮೇಲೆ ಆ ಸೈಕಲನ್ನು ನಾಲ್ಕು ಸಲ ಓಡಿಸಿ, ಚಕ್ರದ ಎಷ್ಟು ಎಣಿಕೆಗೆ ಎಷ್ಟು ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಬಿಸಿಲಿಗೆ ಟೈರಿನ ಗಾಳಿ ಹಿಗ್ಗುವುದರಿಂದ ಮಾರ್ಗ ಅಳೆದು ಮುಗಿದ ಮೇಲೆ ಮತ್ತೆ ನಾಲ್ಕು ಸಲ. ತಿರುವುಗಳಲ್ಲಿ ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯನ್ನೇ, ರಸ್ತೆಯಂಚಿನಿಂದ 30 ಸೆಂ.ಮೀ. ಬಿಟ್ಟು, ಅಳೆಯುತ್ತಾರೆ. ಇಷ್ಟೆಲ್ಲ ಮಾಡಿಯೂ ತಮ್ಮ ಮೇಲೆ ತಮಗೇ ನಂಬಿಕೆ ಸಾಲದೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಪೂರ್ಣ ಮ್ಯಾರಥಾನಿಗೆ 42 ಮೀಟರ್ ಕೊಸರು. ಕೊಸರು ಕೊಡುವುದನ್ನು ನಮ್ಮ ಸಂತೆಯ ತರಕಾರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ, ಓಟದವರಿಗೆ ಮಾತ್ರ ಅಂತರರಾಷ್ಟ್ರೀಯ ನಿಯಮ ಬೇಕಾಯಿತು.

ಪರದೇಶದಲ್ಲೂ ಎಡವುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ ಮೂರು ವರ್ಷ 380 ಮೀಟರ್ ಗಿಡ್ಡವಾಗಿತ್ತೆಂದು ಆಮೇಲೆ ಅಳೆದಾಗ ಗೊತ್ತಾಯಿತು. ಸಾವಿರಾರು ಜನರ ದಾಖಲೆ ಅಮಾನ್ಯವಾಯಿತು. 2015ರಲ್ಲಿ ಬ್ಯಾಂಕಾಕಿನ ಅರ್ಧ ಮ್ಯಾರಥಾನಿನಲ್ಲಿ ತಿರುವು ತಪ್ಪಿ ಜನ ಸುಮಾರು 27 ಕಿ.ಮೀ. ಓಡಿದರು. ವ್ಯತ್ಯಾಸ ಇಷ್ಟೇ: ಅವರು ತಪ್ಪಾಯಿತು ಎಂದರು. ನಮ್ಮ ಸಂಘಟಕರು, "ನಿಮ್ಮ ವಾಚ್ ಯಾವ ಕಂಪನಿಯದು ಸರ್?" ಎಂದರು.

ಶಿರಸಿಯ ಕಡೆ ಅಡಿಕೆ ತೋಟವಿರುವ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲ ತೋಡಿಕೊಂಡೆ. ಒಣಗಿಸಿದ ಚಾಲಿ ಅಡಿಕೆಯನ್ನು ಒಡೆದು ಒಳಗಿನ ಬಣ್ಣ ನೋಡದೆ ಮಾತನಾಡದ ಮನುಷ್ಯ. "ನಿನ್ನದು ಗಿಡ್ಡವಾಯಿತು ಮಾರಾಯ, ನಮ್ಮಲ್ಲಿ ಓಟವೇ ಕಳೆದುಹೋಗಿತ್ತು" ಎಂದು ನಕ್ಕ. ಮಳೆಗಾಲದಲ್ಲಿ ಕಾಡಿನ ಓಟವೆಂದು ಯಾರೋ ಏರ್ಪಡಿಸಿದ್ದರಂತೆ. ದಾರಿ ತೋರಿಸಲು ನೆಲದ ಮೇಲೆ ಸುಣ್ಣದ ಬಾಣ ಬರೆದಿದ್ದರಂತೆ. ಆಷಾಢದಲ್ಲಿ, ಶಿರಸಿಯಲ್ಲಿ, ಸುಣ್ಣದಲ್ಲಿ. ಭಾನುವಾರ ಬೆಳಗ್ಗೆ ಇವನು ತೋಟದಲ್ಲಿ ನಿಂತಿದ್ದಾಗ ಬೆಟ್ಟದ ಕಡೆಯಿಂದ ಹದಿನಾಲ್ಕು ಜನ, ಎದೆಗೆ ನಂಬರು, ಕಾಲಿಗೆ ರಕ್ತ ಹೀರುವ ಉಂಬಳ, ಕಾಲುಸಂಕ ದಾಟಿ ಒಬ್ಬರ ಹಿಂದೊಬ್ಬರು ಇಳಿದು ಬಂದರಂತೆ. ಮುಂದಿದ್ದವನು ಏದುಸಿರು ಬಿಡುತ್ತ, "ಫಿನಿಶ್ ಎಲ್ಲಿ?" ಎಂದು ಕೇಳಿದನಂತೆ. "ಅದೆಲ್ಲ ಆಮೇಲೆ. ಮೊದಲು ಜಗಲಿಗೆ ಬನ್ನಿ, ಆಸರಿಗೆ, ಕುಡಿಯಲು, ಏನು ಕೊಡಲಿ?" ಎಂದ ಇವನು. ಹದಿನಾಲ್ಕು ಜನರೂ ಮುರುಗಲು ಪಾನಕ ಕುಡಿದು, ಸುಣ್ಣ ಹಚ್ಚಿ ಉಂಬಳ ಬಿಡಿಸಿಕೊಂಡು, ಇಬ್ಬರು ಎಲೆಯಡಿಕೆಯ ಕವಳವನ್ನೂ ಹಾಕಿ, ತೋಟದ ಜೀಪಿನಲ್ಲಿ ಹೋಗಿ ಓಟ ಮುಗಿಸಿದರು. ಎಲ್ಲರಿಗೂ ಪದಕ ಸಿಕ್ಕಿತು. ಸೇಂಟ್ ಲೂಯಿಸ್‌ನಲ್ಲಿ ಫ್ರೆಡ್ ಲೋರ್ಜ್ ಎಂಬಾತ ಸುಮಾರು 11 ಮೈಲಿ ಕಾರಿನಲ್ಲಿ ಬಂದು ಗೆದ್ದವನಂತೆ ನಿಂತಾಗ ಹಿಡಿದು ಹೊರಗೆ ಹಾಕಿದ್ದರು. ಪಾಪ, ನೂರಿಪ್ಪತ್ತು ವರ್ಷ ಬೇಗ ಹುಟ್ಟಿದ.

ಪೆಟ್ಟು ತಿಂದ ಮೇಲೆ ನಾನೂ ಕಿವಿರು ಎತ್ತುವುದನ್ನು ಕಲಿಯಬೇಕೆಂದುಕೊಂಡೆ. ಮುಂದಿನ ಓಟದ ಜಾಹೀರಾತು ಕಂಡ ಕೂಡಲೇ ದುಡ್ಡು ಕಟ್ಟದೆ ಸಂಘಟಕರಿಗೆ ಫೋನ್ ಮಾಡಿದೆ.

"ಮಾರ್ಗವನ್ನು ಯಾರು ಅಳೆದಿದ್ದಾರೆ?"

"ನಮ್ಮ ಹುಡುಗರು, ಬೈಕಿನಲ್ಲಿ. ಹೊಸ ಬೈಕ್ ಸರ್."

"ಹೆದ್ದಾರಿ ಬಂದ್ ಇರುತ್ತದೆಯೇ?"

"ಲಾರಿಯವರಿಗೆ ಕೈ ಸನ್ನೆ ಮಾಡಲು ಜನ ಇಟ್ಟಿದ್ದೇವೆ."

"ಕಳೆದ ವರ್ಷದ ಫಲಿತಾಂಶ ಎಲ್ಲಿ ನೋಡಬಹುದು?"

"ಕಳೆದ ವರ್ಷದ ವಿಡಿಯೊ ಇದೆ ಸರ್, ಡ್ರೋನ್‌ನದು. ಕಳಿಸಲೇ?"

"ಮಳೆ ಬಂದು ರದ್ದಾದರೆ ಹಣ ವಾಪಸ್ಸೇ?"

"ಅಂಗಿ ಕೊಡುತ್ತೇವೆ."

"ಆಂಬುಲೆನ್ಸ್?"

ಈ ಪ್ರಶ್ನೆಗೆ ಆ ಕಡೆ ಸ್ವಲ್ಪ ಹೊತ್ತು ಮೌನ. ನಂತರ, "ಫಿಸಿಯೊ ಬರುತ್ತಾರೆ ಸರ್, ಜುಂಬಾದವರ ಪರಿಚಯದವರು."

ಇದೊಂದಕ್ಕೆ ಮಾತ್ರ ನನಗೆ ನಗು ಬರಲಿಲ್ಲ. ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಕೊಡಿ ಎಂದು ವರ್ಷಗಟ್ಟಲೆ ಕೂಗಿಕೊಂಡ ಜಿಲ್ಲೆ ನಮ್ಮದು. ಗಂಭೀರ ಕಾಯಿಲೆ ಬಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ರೋಗಿಯನ್ನು ಮಲಗಿಸಿಕೊಂಡು ಓಡುವುದೇ ಇಲ್ಲಿನ ನಿಜವಾದ ದೂರದ ಓಟ. ಅಂಥ ಊರಿನಲ್ಲಿ ಸೆಕೆಯಲ್ಲಿ ಸಾವಿರ ಜನರನ್ನು ಓಡಿಸುವವರು ಡ್ರೋನಿಗೆ ಬಾಡಿಗೆ ಕೊಟ್ಟು, ಆಂಬುಲೆನ್ಸಿಗೆ ಪರಿಚಯದವರನ್ನು ಹುಡುಕುತ್ತಾರೆ.

ಅಳೆದ ಓಟ ಬೇಕಿದ್ದರೆ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು, ಅಲ್ಲಿ ಮಾಪನ ಪತ್ರವಿರುವ ಓಟಗಳಿವೆ ಎಂದು ಬಲ್ಲವರು ಹೇಳಿದರು. ಹತ್ತು ಕಿಲೋಮೀಟರ್ ಓಡಲು ನೂರಾರು ಕಿಲೋಮೀಟರ್ ಪ್ರಯಾಣ. ಅದಕ್ಕೂ ಸೋಮಾರಿಯಾದರೆ 'ವರ್ಚುವಲ್ ಓಟ' ಇದೆ: ದುಡ್ಡು ಕಟ್ಟಿ, ಬೇಕಾದಲ್ಲಿ ಓಡಿ, ಮೊಬೈಲಿನ ಚಿತ್ರ ಕಳಿಸಿದರೆ ಅಂಚೆಯಲ್ಲಿ ಪದಕ. ನಮ್ಮ ಬೀದಿಯ ಹುಡುಗನೊಬ್ಬನ ಮೊಬೈಲು ಹಾಲಿನ ಸ್ಕೂಟರಿನಲ್ಲಿ ಕೂತು ಇಂಥ ಮೂರು ಓಟ ಮುಗಿಸಿದೆ.

ಮೊನ್ನೆ ಶಿರಸಿಯ ಗೆಳೆಯ ಫೋನ್ ಮಾಡಿದ್ದ. ಕಾಡಿನ ಓಟದ ಎರಡನೆಯ ಆವೃತ್ತಿ ಪ್ರಕಟವಾಗಿದೆಯಂತೆ. ಈ ಸಲ ದೂರ '25 ಕಿ.ಮೀ. (ಅಂದಾಜು)'. ಬಾಣಕ್ಕೆ ಮತ್ತೆ ಸುಣ್ಣವೇ. "ನಾನಂತೂ ಈಗಲೇ ತಯಾರಿ ಮಾಡಿದ್ದೇನೆ ಮಾರಾಯ" ಎಂದ. ಕಾಲುಸಂಕದ ಪಕ್ಕದ ಮರಕ್ಕೆ ಹಲಗೆ ಹೊಡೆದಿದ್ದಾನೆ: 'ಓಟಗಾರರೇ, ನೀವು ದಾರಿ ತಪ್ಪಿದ್ದೀರಿ. ಆಸರಿಗೆ ಎಡಕ್ಕೆ.' ಒಂದು ಹಂಡೆ ಮುರುಗಲು ಪಾನಕ, ಸುಣ್ಣದ ಡಬ್ಬಿ, ಜೀಪಿಗೆ ಡೀಸೆಲ್. ತೋಟದಿಂದ ಓಟ ಮುಗಿಯುವ ಜಾಗಕ್ಕೆ ಎಷ್ಟು ದೂರವೆಂದು ಜೀಪಿನಲ್ಲಿ ಎರಡು ಸಲ ಹೋಗಿಬಂದು ಅಳೆದೂ ಇಟ್ಟಿದ್ದಾನೆ.

ನಾನು ಹೆಸರು ಕೊಟ್ಟುಬಿಟ್ಟೆ.