ಹಳ್ಳಿ ಹುಡುಗ ಹಲ್ಲಿಯಾದ ಕಥೆ

ಮೊನ್ನೆ ತುಮಕೂರಿನ ಒಂದು ಬ್ಯಾಂಕಿಗೆ ಕೆವೈಸಿ ಮಾಡಿಸಲು ಹೋಗಿದ್ದೆ. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಈಮೇಲ್ ಐಡಿಯನ್ನು ಇಡೀ ಹಾಲಿಗೆ ಕೇಳುವ ಹಾಗೆ ಓದಿದಳು. 'ಹಲ್ಲಿಹುಡುಗ ಸೊನ್ನೆ ಆರು... ಇದೇನಾ ಸಾರ್?' ಹಿಂದೆ ನಿಂತಿದ್ದ ಅಜ್ಜ ಒಂದು ಸಲ ಗೋಡೆ ನೋಡಿದ, ಒಂದು ಸಲ ನನ್ನನ್ನು ನೋಡಿದ.

'ಹಲ್ಲಿ ಅಲ್ಲಮ್ಮ, ಹಳ್ಳಿ.'

ಅವಳದೇನೂ ತಪ್ಪಿಲ್ಲ ಬಿಡಿ. ಇಂಗ್ಲಿಷಿನಲ್ಲಿ ಲ ಕ್ಕೂ ಳ ಕ್ಕೂ ಇರೋದು ಒಂದೇ ಎಲ್. ಇದು 2006ರಲ್ಲಿ ನನಗೆ ಹೊಳೆಯಲಿಲ್ಲ, ಯಾಕಂದ್ರೆ ಸೈಬರ್ ಸೆಂಟರ್‌ನಲ್ಲಿ ಕೊಟ್ಟ ದುಡ್ಡಿನ ಅರ್ಧ ಗಂಟೆ ಮುಗಿಯೋದರೊಳಗೆ ಯಾಹೂ ಐಡಿ ಮಾಡಬೇಕಿತ್ತು, ಬರೀ ಹಳ್ಳಿಹುಡುಗ ಅಂತ ಕೇಳಿದರೆ ಅದನ್ನು ಯಾರೋ ಪುಣ್ಯಾತ್ಮ ಆಗಲೇ ಹೊಡೆದುಕೊಂಡಿದ್ದ, ಅಷ್ಟರಲ್ಲಿ ಹೊರಗೆ ನಿಲ್ಲಿಸಿದ್ದ ಗಾಡಿಯ ಕೆಎ 06 ಕಣ್ಣಿಗೆ ಬಿತ್ತು. ಸೇರಿಸಿಬಿಟ್ಟೆ. ಮಧ್ಯೆ ಒಂದು ಅಂಡರ್‌ಸ್ಕೋರ್, ಸುಮ್ನೆ ಸ್ಟೈಲಿಗೆ.

ಈಗ ಆ 06 ನೋಡಿದವರು ನಾನು ಹುಟ್ಟಿದ ವರ್ಷ ಅಂದುಕೊಳ್ತಾರೆ. ಆಮೇಲೆ ನನ್ನ ತಲೆ ನೋಡ್ತಾರೆ.

ಫಾರಂನಲ್ಲಿ ಆ ಅಂಡರ್‌ಸ್ಕೋರ್ ಬಿಟ್ಟುಹೋಗಿತ್ತು. 'ಕೆಳಗೆ ಒಂದು ಗೆರೆ ಹಾಕಮ್ಮ' ಅಂದೆ. ಪಾಪ, ಸ್ಕೇಲ್ ತಗೊಂಡು ಇಡೀ ಐಡಿಯ ಕೆಳಗೆ ನೀಟಾಗಿ ಗೆರೆ ಎಳೆದಳು.

ಬದಲಾಯಿಸೋಣ ಅಂದ್ರೆ ಪಿಎಫ್, ಗ್ಯಾಸ್, ಪಾಲಿಸಿ ಎಲ್ಲದಕ್ಕೂ ಇದೇ ಐಡಿ. ಸರ್ಕಾರದವರು 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ತುಮ್ಕೂರನ್ನೇ ತುಮಕೂರು ಮಾಡಿದರು. ಒಂದು ಊರಿನ ಹೆಸರು ಬದಲಾಯಿಸಬಹುದು, ನನ್ನ ಐಡಿ ಆಗಲ್ಲ.

ಬೇಜಾರು ಹಂಚಿಕೊಳ್ಳೋಣ ಅಂತ ಗೆಳೆಯರ ಗ್ರೂಪಿನಲ್ಲಿ ಹಾಕಿದೆ. ಅದು ಇನ್ನೊಂದು ತಪ್ಪು. ಮೊದಲು ಬಿದ್ದು ನಕ್ಕವನು ಮಧುಗಿರಿಯವನು. ಅವನಿಗೆ ನಗುವ ಹಕ್ಕೇ ಇಲ್ಲ. ಊರಿನ ಏಕಶಿಲಾ ಬೆಟ್ಟದ ಮೇಲಿನ ಅಭಿಮಾನಕ್ಕೆ ಅವನು ಇಟ್ಟುಕೊಂಡಿದ್ದು 'ಮಧುಗಿರಿ ಕಲ್ಲು'. ಅದೇ ಎಲ್ಲು, ಅದೇ ಗತಿ. ಹೆಣ್ಣಿನ ಕಡೆಯವರು 'ಮಧುಗಿರಿ ಕಳ್ಳು' ಅಂತ ಓದಿಕೊಂಡು, ಹುಡುಗ ಜಾಸ್ತಿ ಕುಡೀತಾನಾ ಅಂತ ಮೂರು ಮನೆಯಲ್ಲಿ ವಿಚಾರಿಸಿದ್ದರು. ಮಧು ಅಂದ್ರೂ ಅದೇ, ಕಳ್ಳು ಅಂದ್ರೂ ಅದೇ, ಅವರಾದರೂ ಏನು ಮಾಡ್ತಾರೆ ಅಲ್ವಾ?

ತಿಪಟೂರಿನವನು 'ಕೊಬ್ಬರಿ ಕಿಂಗ್ 44'. ಕೆಎ 44 ಅವರ ಊರಿನ ಗಾಡಿ ನಂಬರ್. ಅವನಿಗೆ ಒಂದು ತೆಂಗಿನ ಮರವೂ ಇಲ್ಲ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹೈಸ್ಕೂಲಿನಲ್ಲಿ ಅವರಮ್ಮ ತಲೆಗೆ ಸುರಿದು ಕಳಿಸುತ್ತಿದ್ದ ಕೊಬ್ಬರಿ ಎಣ್ಣೆ ಕತ್ತಿನ ತನಕ ಇಳಿಯುತ್ತಿತ್ತು, ಹೆಸರು ಬಂದದ್ದು ಅಲ್ಲಿಂದ. ಆದರೆ ಗುಬ್ಬಿ, ತುರುವೇಕೆರೆ ಕಡೆಯ ಗುರುತಿಲ್ಲದವರೆಲ್ಲ 'ಅಣ್ಣ, ಇವತ್ತು ಕ್ವಿಂಟಾಲಿಗೆ ಎಷ್ಟು?' ಅಂತ ಮೆಸೇಜ್ ಮಾಡ್ತಾರೆ. ಮೊದಮೊದಲು ನಾನಲ್ಲ ಅಂತಿದ್ದ. ಈಗ ದಿನಾ ಮಾರ್ಕೆಟ್ ರೇಟ್ ನೋಡಿ ಉತ್ತರ ಕೊಡ್ತಾನೆ. ಮುಂದಿನ ವಾರ ಏರುತ್ತಾ ಇಳಿಯುತ್ತಾ ಅಂತಾನೂ ಹೇಳ್ತಾನೆ!

ಅದೇ ಸಂಜೆ ಗ್ರೂಪಿನಲ್ಲಿ ಬರೆದ, 'ಯುಗಾದಿ ಹೊತ್ತಿಗೆ ಕೊಬ್ಬರಿ ರೇಟು ಏರೇ ಏರುತ್ತೆ.'

ಕಳ್ಳು ತಕ್ಷಣ ನನ್ನನ್ನು ಕರೆದ. 'ಲೋ ಹಲ್ಲಿ, ಇದ್ದೀಯಾ? ಲೊಚಗುಟ್ಟೋ, ನಿಜಾನಾ ನೋಡೋಣ.'

ಲೊಚ್ ಲೊಚ್ ಅಂತ ವಾಯ್ಸ್ ಮೆಸೇಜ್ ಕಳಿಸಿದೆ.